ಮಾವನ ಗಾಳಿಯ ಲೆಕ್ಕ

ನಮ್ಮ ಸೋದರಮಾವನಿಗೆ ಗಾಳಿಯ ಮೇಲಿದ್ದ ಪ್ರೀತಿ ಅತ್ತೆಯ ಮೇಲಿರಲಿಲ್ಲ ಎಂದೇ ನಾವೆಲ್ಲ ನಂಬಿದ್ದೆವು. ಅದೂ ಎಂಥ ಗಾಳಿ? ನೆಲಕ್ಕಂಟಿದ ಗಾಳಿ! ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮಾವ ಮುಗಿಲು ನೋಡುವವರ ಪೈಕಿಯೇ ಅಲ್ಲ. ಚಳಿಗಾಲದ ಬೆಳಗ್ಗೆ, ಅವರ ಮನೆಯಿದ್ದ ಖೂಬಾ ಪ್ಲಾಟಿನ ಓಣಿಯಲ್ಲಿ ಬಚ್ಚಲ ಒಲೆಗಳ ಹೊಗೆ ಸೊಂಟದೆತ್ತರಕ್ಕೆ ತೆಳ್ಳಗೆ ಹರಡಿ ನಿಂತರೆ, ಅವರು ಮೆಟ್ಟಿಲ ಮೇಲೆ ಮೈಮರೆತು ಕೂರುತ್ತಿದ್ದರು. ಚಹಾ ಕೈಯಲ್ಲೇ ತಣ್ಣಗಾಗುತ್ತಿತ್ತು.

ಅತ್ತೆಗೆ ದಮ್ಮು. ಹೊಗೆ ಮೇಲೇಳುವ ತನಕ ಕಿಟಕಿ ಮುಚ್ಚಿಕೊಂಡು ಒಳಗಿರಬೇಕು. ಸ್ವಲ್ಪ ಬೇಗ ತೆರೆದರೂ ಉಬ್ಬಸ ಶುರು. ತೆರೆಯುವ ಹೊತ್ತು ಕಂಪ್ಯೂಟರ್ ಹೇಳುತ್ತದೆ ಎಂದು ಮಾವ ಹಟ ಹಿಡಿದರು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಮಿಕ್ಸರ್ ಇಲ್ಲದ ಮನೆಗೆ ಕಂಪ್ಯೂಟರ್ ಬಂತು! ಬಿಸಿಲೇರಿದಂತೆ ನೆಲದ ಬಿಸಿ ಗಾಳಿಗೆ ಹೇಗೆ ದಾಟುತ್ತದೆ ಎನ್ನುವುದಕ್ಕೆ ಅದರೊಳಗೆ ಒಂದು ಲೆಕ್ಕ. ಆ ಗಾಳಿ ಮೇಲೆದ್ದು ಹೇಗೆ ಬೆರೆಯುತ್ತದೆ ಎನ್ನುವುದಕ್ಕೆ ಎರಡು. ಒಂದು ಅವಸರದ್ದು, ಏಳೂವರೆಗೇ ಹೊಗೆಯನ್ನು ಎಬ್ಬಿಸಿ ಕಳಿಸುತ್ತಿತ್ತು. ಇನ್ನೊಂದು ಸೋಮಾರಿ, ಒಂಬತ್ತಾದರೂ ಹಾಸಿಗೆ ಬಿಡಿಸುತ್ತಿರಲಿಲ್ಲ.

"ಕಿಟಕಿ ತೆಗೀಲೇನ್ರಿ?"

"ತಡಿ, ಇನ್ನೊಂದ್ ಲೆಕ್ಕ ಒಪ್ಪವಲ್ದು."

"ನಿಮ್ಮ ಲೆಕ್ಕಗೋಳ ಜಗಳ ಮುಗಿಯೋದ್ರಾಗ ಮಧ್ಯಾಹ್ನ ಆಗ್ತದ್ರಿ!"

ಅತ್ತೆಯ ತವರು ಕಮಲಾಪುರಕ್ಕೆ ಹೋದರೂ ಹುಚ್ಚು ಬಿಡಲಿಲ್ಲ. ಕಂಪ್ಯೂಟರಿನ ಕಣ್ಣಿಗೆ ನಮ್ಮ ಸೀಮೆಯೆಲ್ಲ ಬೋಳು ನೆಲವಂತೆ! ಆಳೆತ್ತರ ಜೋಳ ನಿಂತಲ್ಲಿ ಗಾಳಿ ಎಡವದೆ ಹೋದೀತೇ? ಮಾವ ಹೊಲದಲ್ಲಿ ಬಿದಿರು ನೆಟ್ಟು, ಮೊಣಕಾಲು, ಎದೆ, ತಲೆಯ ಎತ್ತರಕ್ಕೆ ಹಳೆಯ ಸೀರೆಯ ಚೂರು ಕಟ್ಟಿದರು.

"ಹಕ್ಕಿ ಓಡ್ಸಲಾಕೇನ್ರಿ, ಅಳಿಯಾನೋರ?" ಬದುವಿನ ಮೇಲಿದ್ದ ರೈತ ಕೇಳಿದ.

"ಇಲ್ರಿ, ಗಾಳಿ ಎಲ್ಲಿ ಎಡವ್ತದ ನೋಡ್ಲಾಕ."

ಆತ ರುಮಾಲು ಸರಿಮಾಡಿಕೊಂಡು ಹೊರಟುಹೋದ. ತೂಗುವ ತೆನೆಗಳ ನಡುವೆ ಮಾವ ಬಿಸಿಲೇರುವ ತನಕ ಕನಸಿನಲ್ಲಿದ್ದವರಂತೆ ನಿಂತಿದ್ದರು. ಜೋಳವನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ಬೆರೆಯುವ ಆ ಎರಡೂ ಲೆಕ್ಕಗಳು ಹೊಸ ಹೊತ್ತು ಹೇಳಿದವು. ಜಗಳ ಮಾತ್ರ ಹಳೆಯದೇ!

ಅದೇ ಚಳಿಗಾಲದ ಜನವರಿಯಲ್ಲಿ ನಾನು ಅವರ ಮನೆಯಲ್ಲಿ ಉಳಿದಿದ್ದೆ. ಒಂದು ಬೆಳಗ್ಗೆ ಮಾವ ಮೆಲ್ಲಗೆ ಹೊರಗೆ ಹೋಗಿ, ಅತ್ತೆಯ ಮುಚ್ಚಿದ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಹೊಗೆಯೊಳಗೆ ಉದ್ದಕ್ಕೆ ಉಸಿರೆಳೆದರು. ಕೆಮ್ಮಿದರು. ತಡೆದು, ಮತ್ತೆ ಎಳೆದರು.

"ಮಾವಾ, ಕಂಪ್ಯೂಟರ್ ಹೇಳ್ಯದಲ್ರಿ, ಮತ್ಯಾಕ ಇದು?"

"ಲೆಕ್ಕ ತಪ್ಪಿದ್ರ ದಮ್ಮು ಹತ್ತೋದು ಅಕಿಗಿ, ಅವ್ವಾ," ಎಂದರು. "ದಿನಾ ಮೊದ್ಲು ನಾ ಹೊಗಿ ಕುಡದು ನೋಡ್ತೀನಿ. ಅಕಿಗಿ ಹೇಳ್ಬ್ಯಾಡ."

ಇಷ್ಟು ವರ್ಷ ಅವರ ಗಾಳಿಹುಚ್ಚಿಗೆ ನಕ್ಕದ್ದಕ್ಕೆಲ್ಲ ನನಗೆ ನಾಚಿಕೆಯಾಯಿತು. ನಾನೂ ಪಕ್ಕದಲ್ಲಿ ಕೂತೆ. ಎಂಟೂಕಾಲಿಗೆ ಅವರ ಕೆಮ್ಮು ನಿಂತಿತು. ಇನ್ನೆರಡು ಉಸಿರು ಎಳೆದು ನೋಡಿ, ಆಮೇಲೆ ಎದ್ದು, ಅತ್ತೆ ತೆರೆಯಲೆಂದು ಕಿಟಕಿ ಬಡಿದರು.