ಸೂರ್ಯ ಪಡುವಲಕ್ಕೆ ಹುಟ್ಟಿದ ಸೋಮವಾರ

ನನಗೆ ಎಡ ಯಾವುದು, ಬಲ ಯಾವುದು ಎಂದು ಥಟ್ಟನೆ ತಿಳಿಯುವುದಿಲ್ಲ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಯಾರಾದರೂ ‘ಬಲಕ್ಕೆ ತಿರುಗಿ’ ಅಂದರೆ ನಾನು ಮನಸ್ಸಿನಲ್ಲೇ ಊಟಕ್ಕೆ ಕೂತು, ಒಂದು ತುತ್ತು ಕಲಸಿ, ಬಾಯಿಗಿಟ್ಟು, ಆ ಕೈ ಯಾವುದೆಂದು ನೋಡಿಕೊಂಡು ಆಮೇಲೆ ತಿರುಗಬೇಕು. ಅಷ್ಟರಲ್ಲಿ ಆಟೋದವನು ಮುಂದಿನ ಸರ್ಕಲ್ಲು ದಾಟಿರುತ್ತಾನೆ. ‘ಓದಿದ ಹೆಂಗಸು, ಸರ್ಕಾರಿ ನೌಕರಿ ಬೇರೆ’ ಎಂದು ನೀವು ಹಲ್ಲು ಕಿರಿಯಬೇಡಿ. ಇದು ನನ್ನ ದಡ್ಡತನ ಅಲ್ಲ, ನಮ್ಮೂರಿನ ರೂಢಿ. ದಡ್ಡತನ ಬೇರೆ ಇದೆ, ಅದು ಮುಂದೆ ಬರುತ್ತದೆ.

ನಮ್ಮೂರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ. ಅಲ್ಲಿ ಎಡ ಬಲ ಏನಿದ್ದರೂ ನೊಗಕ್ಕೆ ಕಟ್ಟಿದ ಎತ್ತುಗಳಿಗೆ ಮಾತ್ರ. ಮನುಷ್ಯರಿಗೆಲ್ಲ ಮೂಡಲ, ಪಡುವಲ, ತೆಂಕಲ, ಬಡಗಲ. ಒಲೆಯ ಮುಂದೆ ಕೂತ ಅವ್ವ, “ಬಡಗಲ ಗೂಡಿನಾಗ ಉಪ್ಪೈತಿ ತಾ” ಅನ್ನುತ್ತಿದ್ದಳು. ಹಾಸಿಗೆಯಲ್ಲಿ ಒದ್ದಾಡಿದರೆ, “ಸ್ವಲ್ಪ ಪಡುವಲಕ್ಕ ಸರದು ಮಲ್ಕೋ” ಎಂದು ಬೈಯುತ್ತಿದ್ದಳು. ನಮ್ಮ ಅಮ್ಮಮ್ಮನಿಗೆ ಒಮ್ಮೆ ಹಲ್ಲು ನೋವು ಬಂದು ಹರಪನಹಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಯಾವ ಕಡೆಯ ಹಲ್ಲು ಅಂತ ಡಾಕ್ಟರು ಕೇಳಿದ್ದಕ್ಕೆ, “ಮೂಡಲ ದವಡಿದ್ರೀ” ಅಂದಳಂತೆ. ಅವರು ಬೆಳಕಿಗೆಂದು ಕುರ್ಚಿಯನ್ನು ಗರಕ್ಕನೆ ತಿರುಗಿಸಿದರಂತೆ. “ಈಗ ಪಡುವಲಕ್ಕ ಹೋತ್ರೀ” ಅಂದಳಂತೆ. ಪಾಪ, ಕೊನೆಗೆ ಯಾವ ಹಲ್ಲು ಕಿತ್ತರೋ ಆ ದೇವರೇ ಬಲ್ಲ. ಊರಿಗೆ ಬಂದ ಮೇಲೂ ಎರಡು ದಿನ ಅಮ್ಮಮ್ಮ ಕೆನ್ನೆ ಹಿಡಿದುಕೊಂಡೇ ಓಡಾಡುತ್ತಿದ್ದಳು.

ಇಂಥ ಊರಿನಲ್ಲಿ ನಮ್ಮಪ್ಪನೆಂದರೆ ದಿಕ್ಕಿನ ವಿಷಯದಲ್ಲಿ ಸುಪ್ರೀಂ ಕೋರ್ಟು. ಅಪ್ಪ ಗೌಂಡಿ. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಯಾರೇ ಮನೆ ಕಟ್ಟಿದರೂ ಬುನಾದಿಗೆ ಹಗ್ಗ ಹಿಡಿಯಲು ಅವನೇ ಬರಬೇಕು. ಬಯಲಿನಲ್ಲಿ ನಿಂತು, ಒಮ್ಮೆ ಕಣ್ಣು ಮುಚ್ಚಿ, ಮುಖ ತಿರುಗಿಸಿ, “ಇಲ್ಲಿ ಗೂಟ ಹೊಡೀರಿ” ಅನ್ನುತ್ತಿದ್ದ. ಆಮೇಲೆ ಮೇಷ್ಟರೊಬ್ಬರು ದಿಕ್ಸೂಚಿ ತಂದು ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಫರಕು ಇರುತ್ತಿರಲಿಲ್ಲ. ಮೇಷ್ಟರು ಬೆರಗಾದರೆ ಅಪ್ಪ, “ನಿಮ್ ಮಿಷನ್ ಸರಿ ಐತ್ರೀ” ಎಂದು ಅದಕ್ಕೇ ಸರ್ಟಿಫಿಕೇಟು ಕೊಡುತ್ತಿದ್ದ. ನಾವಿದ್ದ ಮನೆಯನ್ನೂ ಅವನೇ ಕಟ್ಟಿದ್ದ. ಜೀವಮಾನದಲ್ಲಿ ಒಮ್ಮೆಯೂ ‘ತಪ್ಪು ನಂದು’ ಎಂದು ಅಪ್ಪ ಹೇಳಿದ್ದನ್ನು ನಾವು ಕೇಳಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ ಅನ್ನುವುದು ಅವನ ವಾದ.

ಎಪ್ಪತ್ತರ ದಶಕದ ಕೊನೆ ಅದು. ಕೊಟ್ಟೂರಿಗೆ ಹೋಗಿ ಟೈಪಿಂಗ್ ಕಲಿತು ಪಾಸಾಗಿದ್ದ ನನಗೆ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಸೋಮವಾರ ಹತ್ತೂವರೆಯೊಳಗೆ ಹಾಜರಾಗಬೇಕೆಂದು ಅಂಚೆಯಲ್ಲಿ ಆರ್ಡರು ಬಂತು. ಮನೆಯಲ್ಲಿ ಮೂರು ದಿನ ಜಗಳ. ಅವ್ವ ಹಡಗಲಿ ಕಡೆಯ ಒಂದು ಗಂಡನ್ನು ಅರ್ಧ ಗೊತ್ತು ಮಾಡಿ ಇಟ್ಟುಕೊಂಡಿದ್ದಳು. ನನಗೋ ಆ ಆರ್ಡರಿನ ಕಾಗದವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡರೇ ನಿದ್ದೆ. ಕೊನೆಗೆ ಅಪ್ಪ ತೀರ್ಪು ಕೊಟ್ಟ. “ಹೋಗ್ಲಿ ಬಿಡು. ನಾನೂ ಜೋಡಿ ಹೋಗ್ತೀನಿ” ಎಂದು ಅವ್ವನಿಗೆ ಹೇಳಿ ನನ್ನ ಕಡೆ ತಿರುಗಿದ. “ಆದ್ರ ಒಂದು ಮಾತು ನೀಲಿ. ಸೋಮವಾರ ರೂಮಿನಿಂದ ಆಫೀಸಿಗೆ ನೀನ ಮುಂದ ನಡೀಬೇಕು. ನಾ ಹಿಂದ ಬರ್ತೀನಿ, ಬಾಯಿ ಬಿಡಂಗಿಲ್ಲ. ದಾರಿ ತಪ್ಪಿದವ್ರು ಸೀದಾ ಬಸ್‌ಸ್ಟ್ಯಾಂಡು! ಮರುದಿನ ಹಡಗಲಿಯವ್ರಿಗೆ ಬರ್ರಿ ಅಂತ ಹೇಳಿ ಕಳಸ್ತೀನಿ.” ನಾನು ಆಗಲಿ ಎಂದು ಜಂಬದಿಂದ ತಲೆ ಆಡಿಸಿದೆ. ಗೌಂಡಿಯ ಮಗಳಿಗೆ ದಾರಿ ತಪ್ಪುವುದೇ?

ಕೊಟ್ಟೂರಿನಲ್ಲಿ ಬಸ್ಸು ಹತ್ತಿದಾಗ ಅಪ್ಪ ಕಿಟಕಿ ಪಕ್ಕ ಕೂತು, “ನೀ ಮಲ್ಕೋ, ನಾ ದಿಕ್ಕು ನೋಡ್ಕೋತ ಬರ್ತೀನಿ” ಅಂದ. ಚಿತ್ರದುರ್ಗದ ತನಕ ನೋಡಿದ. ಆಮೇಲೆ ಅವನ ಗೊರಕೆಗೆ ಮುಂದಿನ ಸೀಟಿನ ಕೂಸು ಎದ್ದು ಅಳತೊಡಗಿತು. ಭಾನುವಾರ ಬೆಳಗಿನ ಜಾವ ಕಂಡಕ್ಟರು ಕೂಗಿ ಎಬ್ಬಿಸಿದಾಗ ಬೆಂಗಳೂರು. ಬಸ್ಸು ಎಲ್ಲೆಲ್ಲಿ ಎಷ್ಟು ಸಲ ಹೊರಳಿ ಬಂದಿತ್ತೋ, ನಮಗಿಬ್ಬರಿಗೂ ಗೊತ್ತಿಲ್ಲ.

ಚಾಮರಾಜಪೇಟೆಯ ಕಮಲಮ್ಮ ಎಂಬುವರ ಮನೆಯ ಹಿಂದಿನ ರೂಮು ನನ್ನದು. ನಮ್ಮ ಟೈಪಿಂಗ್ ಮೇಷ್ಟರೇ ಪರಿಚಯ ಹೇಳಿ ಗೊತ್ತು ಮಾಡಿಸಿದ್ದರು. ಆಷಾಢದ ಮೋಡ, ಸೂರ್ಯನ ಸುಳಿವೇ ಇಲ್ಲ. ಬೆಳಿಗ್ಗೆ ಮುಖ ತೊಳೆದು ಮೂಡಲಕ್ಕೆ ಕೈ ಮುಗಿಯುವುದು ಅಪ್ಪನ ಪದ್ಧತಿ. ಇಲ್ಲೂ ಹಿತ್ತಲಲ್ಲಿ ನಿಂತು, ಒಮ್ಮೆ ಕಣ್ಣು ಮುಚ್ಚಿ, ಮುಖ ತಿರುಗಿಸಿ, ಬಚ್ಚಲ ಗೋಡೆಗೆ ಕೈ ಮುಗಿದ. ನನ್ನ ಮನಸ್ಸಿಗೂ ಅದೇ ಮೂಡಲ. ಆದರೆ ಆ ಹೊತ್ತಿಗೆ ಕಮಲಮ್ಮ ಬಂದು ತುಳಸಿಗೆ ನೀರು ಹಾಕಿ ಅಪ್ಪನಿಗೆ ಬೆನ್ನು ಮಾಡಿ ಕೈ ಮುಗಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಯಾಕಮ್ಮ, ನಿಮ್ಮ ಕಡೆಯೋರು ಪಶ್ಚಿಮಕ್ಕಾ ಕೈ ಮುಗಿಯೋದು?” ಎಂದು ಮೆಲ್ಲಗೆ ಕೇಳಿದರು.

ಅಂದರೆ ನನಗೆ ದಿಕ್ಕು ತಿರುಗಿದೆ! ನನ್ನದು ಹೋಗಲಿ, ಅಪ್ಪನಿಗೂ ತಿರುಗಿದೆ! ಹತ್ತು ಹಳ್ಳಿಗೆ ಹಗ್ಗ ಹಿಡಿದವನಿಗೆ ‘ಅಪ್ಪಾ, ನೀ ಕೈ ಮುಗಿದದ್ದು ಪಡುವಲಕ್ಕೆ’ ಎಂದು ಯಾವ ಬಾಯಿಂದ ಹೇಳಲಿ? ಹೇಳಿದರೆ ನಂಬುತ್ತಾನೆಯೇ? ‘ನಿನಗ ತಿರುಗೈತಿ, ನಡಿ ಊರಿಗೆ’ ಅಂದುಬಿಟ್ಟರೆ? “ಹೂನ್ರೀ, ನಮ್ಮ ಕಡೆ ಆಷಾಢದಾಗ ಹಂಗ” ಎಂದು ಕಮಲಮ್ಮನವರಿಗೆ ಒಂದು ಸುಳ್ಳು ಹೇಳಿದೆ. ಅವರು ಪಾಪ, ನಂಬಿದರು.

ಕಚೇರಿಗೆ ದಾರಿ ಕೇಳಿದೆ. “ಗೇಟಿಂದ ಲೆಫ್ಟಿಗೆ ಹೋಗಮ್ಮ. ಹಿಟ್ಟಿನ ಮಿಷನ್ ಹತ್ರ ರೈಟಿಗೆ ತಿರುಗು. ಸೀದಾ ಹೋದ್ರೆ ಅರಳಿಕಟ್ಟೆ, ಅಲ್ಲಿ ಮತ್ತೆ ರೈಟು. ಅಷ್ಟೇ” ಎಂದರು ಕಮಲಮ್ಮ. ಅಷ್ಟೇ ಅಂತೆ! ನನ್ನನ್ನೇನು ಎತ್ತು ಅಂದುಕೊಂಡಿದ್ದಾರಾ ಅನ್ನಿಸಿತು. ಊಟದ ಕೈ ರೈಟು, ಇನ್ನೊಂದು ಲೆಫ್ಟು ಎಂದು ಆಗಲೇ ನಾನು ಗುರುತು ಮಾಡಿಕೊಂಡಿದ್ದು. ಅಪ್ಪನಿಗೆ ಈ ಲೆಫ್ಟು ರೈಟಿನ ಮೇಲೆ ಕಿಂಚಿತ್ತೂ ಗೌರವ ಹುಟ್ಟಲಿಲ್ಲ. ಸಂಜೆ ಅವನೇ ಹೋಗಿ, ಬೀದಿಯ ಕೊನೆಯ ಗುಡಿಯ ಹತ್ತಿರ ಕೂತಿದ್ದ ಹಿರಿಯರೊಬ್ಬರನ್ನು ಕೇಳಿಕೊಂಡು ಬಂದ. “ಒಬ್ಬ ಶಾಣ್ಯಾ ಮನುಷ್ಯ ಸಿಕ್ಕ ನೋಡು. ಅರಳಿಕಟ್ಟಿಯಿಂದ ಆಫೀಸು ದಕ್ಷಿಣಕ್ಕ ಐತಂತ. ಹಿಂಗ ಹೇಳ್ಬೇಕು ದಾರಿನ!” ಎಂದು ಖುಷಿಯಾಗಿದ್ದ. ನಾನು ಲೆಕ್ಕ ಹಾಕಲು ಹೋದೆ. ದಕ್ಷಿಣ ಅಂದರೆ ತೆಂಕಲ. ನನ್ನ ತೆಂಕಲ ತಿರುಗಿದೆ, ಆದ್ದರಿಂದ ಬಡಗಲ. ಅಪ್ಪನದೂ ತಿರುಗಿದೆ, ಆದ್ದರಿಂದ... ತಲೆ ಗಿರ್ರೆಂದು ಊಟ ಮಾಡದೆ ಮಲಗಿದೆ.

ಸೋಮವಾರ ಒಂಬತ್ತೂವರೆಗೇ ಹೊರಟೆವು. ನಾನು ಹೊಸ ಸೀರೆಯುಟ್ಟು, ಆರ್ಡರಿನ ಕವರು ಎದೆಗೆ ಒತ್ತಿಕೊಂಡು ಮುಂದೆ. ಅಪ್ಪ ಬಿಳಿ ಧೋತರ, ಹೆಗಲಿಗೆ ಟವಲು ಹಾಕಿಕೊಂಡು ನಾಲ್ಕು ಮಾರು ಹಿಂದೆ. ಗೇಟಿನ ಹತ್ತಿರ ಮೂರು ಬೆರಳು ಕೂಡಿಸಿ ಬಾಯಿಯ ತನಕ ತಂದೆ. ಅದು ರೈಟು, ಆದ್ದರಿಂದ ಲೆಫ್ಟು ಆ ಕಡೆ. ಹಿಟ್ಟಿನ ಮಿಷನ್ನಿನ ಹತ್ತಿರ ಮತ್ತೆ ಬೆರಳು ಬಾಯಿಗೆ ಹೋಯಿತು. ಬಾಯಿ ಬಿಡುವುದಿಲ್ಲ ಎಂದಿದ್ದ ಅಪ್ಪ, “ಹಸಿವೇನವ್ವಾ? ಒಂದಿಷ್ಟು ಉಪ್ಪಿಟ್ಟು ತಿಂದು ಬರ್ಬೇಕಿತ್ತು” ಅಂದ. ಇಲ್ಲಪ್ಪ ಎಂದೆ. ರೈಟಿಗೆ ತಿರುಗಿದೆ. ಅರಳಿಕಟ್ಟೆಯೂ ಬಂತು. ಎಷ್ಟು ಸಂತೋಷ ಅಂತೀರಿ! ಧೈರ್ಯವಾಗಿ ಒಂದು ತುತ್ತು ಗಾಳಿ ತಿಂದು, ರೈಟಿಗೆ ಹೊರಳಿ ನಾಲ್ಕು ಹೆಜ್ಜೆ ಇಟ್ಟಿದ್ದೆ.

“ಲೇ ನೀಲಿ! ಬಡಗಲಕ್ಕ ಹೊಂಟಿಯಲ್ಲಲೇ! ಆಫೀಸು ತೆಂಕಲಕ್ಕ ಐತಿ!”

ನಿಂತೆ. ಅಪ್ಪನ ಮುಖ ನೋಡಿದೆ. ಸಿಟ್ಟಿಗಿಂತ ಸಂಕಟವೇ ಹೆಚ್ಚು ಕಂಡಿತು. ಮಗಳು ಸೋಲುತ್ತಿದ್ದಾಳೆ ಎಂದು ತಡೆಯಲಾರದೆ ಮಾತು ಮುರಿದಿದ್ದ. ನೋಡಿ, ಇಲ್ಲಿ ಬಂತು ನಾನು ಹೇಳಿದ ಆ ದಡ್ಡತನ. ಕಮಲಮ್ಮನವರ ತುಳಸಿ ಸಾಕ್ಷಿಯಾಗಿ ಅಪ್ಪನಿಗೆ ದಿಕ್ಕು ತಿರುಗಿದೆ ಎಂದು ಗೊತ್ತು. ಊಟದ ಕೈ ಇದೇ ದಾರಿ ಅನ್ನುತ್ತಿದೆ. ಆದರೂ ಇಪ್ಪತ್ತೊಂದು ವರ್ಷ ಅಪ್ಪ ಹೇಳಿದ ದಿಕ್ಕೇ ದಿಕ್ಕು ಎಂದು ಬೆಳೆದ ಕಾಲು ಕೇಳಬೇಕಲ್ಲ? ಹಿಂದಕ್ಕೆ ಹೊರಳಿಬಿಟ್ಟೆ. ಈಗ ಅಪ್ಪ ಮುಂದೆ, ನಾನು ಹಿಂದೆ.

ಮರದ ಅಡ್ಡೆ ಬಂತು, ಹೂವಿನ ಅಂಗಡಿಗಳ ಸಾಲು ಬಂತು, ತಗಡು ಬಡಿಯುವವರ ಓಣಿ ಬಂತು. ಕಚೇರಿ ಬರಲಿಲ್ಲ. ಅಪ್ಪನ ನಡಿಗೆ ಜೋರಾಯಿತು. ನನಗೆ ಕಣ್ಣಲ್ಲಿ ನೀರು. ಹಡಗಲಿಯ ಗಂಡು ಎತ್ತಿನ ಗಾಡಿ ಹೂಡಿಕೊಂಡು ಹೊರಟದ್ದು ಕಂಡ ಹಾಗೆಯೇ ಆಯಿತು. ಅಷ್ಟರಲ್ಲಿ ಮೋಡ ಹರಿದು ಒಂದು ಮಾಳಿಗೆಯ ಮೇಲೆ ಬಿಸಿಲು ಬಿತ್ತು. ಅಪ್ಪ ಗಕ್ಕನೆ ನಿಂತ. ಎರಡು ದಿನದಿಂದ ಅವನು ಪಡುವಲ ಅಂದುಕೊಂಡಿದ್ದ ಕಡೆಯಲ್ಲಿ ಸೂರ್ಯ ನಿಗಿನಿಗಿ ನಿಂತಿದ್ದ. ಕೆಲಸಕ್ಕೆ ತಡವಾಗಿ ಬಂದ ಕೂಲಿಯವನನ್ನು ನೋಡುವ ಹಾಗೆ ಅಪ್ಪ ಅವನನ್ನೇ ನೋಡಿದ.

“ಇವ ಯಾಕ ಇಲ್ಲಿ ಅದಾನ?” ಅಂದ.

“ಅಪ್ಪಾ, ನಿನಗೂ ದಿಕ್ಕು ತಿರುಗೈತೇನು?” ಎಂದೆ ಮೆಲ್ಲಗೆ.

“ನನಗೇನಾಗೈತಿ? ನನಗ ಸರೀನ ಐತಿ. ಈ ಊರು ಕಟ್ಟಿದಾವ ತಪ್ಪಿ ಕಟ್ಟ್ಯಾನ!”

ಹಾಗೆಂದವನು ಟವಲಿನಿಂದ ಮುಖ ಒರೆಸಿಕೊಂಡ. ಬಯಲಿನಲ್ಲಿ ಗೂಟ ಹೊಡೆಸುತ್ತಿದ್ದ ನಮ್ಮಪ್ಪ, ಆ ತಗಡಿನ ಸದ್ದಿನ ನಡುವೆ ಯಾವ ಕಡೆ ಕಾಲಿಡಬೇಕೆಂದು ತಿಳಿಯದೆ ನಿಂತಿದ್ದ. ನನಗೆ ಅಯ್ಯೋ ಅನ್ನಿಸಿತು. ಅಳು ನಿಂತುಹೋಯಿತು. ಅವನ ಕೈ ಹಿಡಿದುಕೊಂಡೆ. “ಬಾರಪ್ಪ, ನಾ ಕರ್ಕೊಂಡು ಹೋಗ್ತೀನಿ” ಎಂದೆ. ಎಲ್ಲಿಗೆ ಎನ್ನುವುದು ನನಗೂ ಗೊತ್ತಿರಲಿಲ್ಲ, ಆ ಮಾತು ಬೇರೆ. ಹೂವಿನವಳನ್ನು ಕೇಳಿ, ಕಟ್ಟಿಗೆ ಹೊರುವವನನ್ನು ಕೇಳಿ ಅರಳಿಕಟ್ಟೆಗೆ ಬಂದೆವು. ಅಲ್ಲಿ ಹೊಸ ಗೊಂದಲ: ಎದುರು ಕಡೆಯಿಂದ ಬಂದವಳಿಗೆ ಈಗ ಯಾವುದು ರೈಟು? ಮತ್ತೆ ಹಿಟ್ಟಿನ ಮಿಷನ್ನಿನ ತನಕ ಹೋಗಿ, ಅಲ್ಲಿಂದ ಹೊಸದಾಗಿ ನಡೆದುಬಂದು, ತುತ್ತು ತಿಂದು, ತಿರುಗಿದೆ. ಅಪ್ಪ ತುಟಿ ಪಿಟ್ಟೆನ್ನದೆ ಹಿಂದೆ ಹಿಂದೆಯೇ ಬಂದ.

ಕಚೇರಿ ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷ. ಸೂಪರಿಂಟೆಂಡೆಂಟರು ಕನ್ನಡಕದ ಮೇಲಿನಿಂದ ನೋಡಿ, “ಮೊದಲನೇ ದಿನವೇ ಹೀಗಾದರೆ ಹೇಗಮ್ಮ? ವಾಪಸ್ ಕಳಿಸಿಬಿಡಲಾ?” ಎಂದರು. ಹಿಂದಿನಿಂದ ಅಪ್ಪನ ದನಿ ಬಂತು.

“ಹುಡುಗಿ ಸರಿಯಾಗೇ ಹೊಂಟಿದ್ಲು ಸಾಹೇಬ್ರ. ನಾನ ತಪ್ಪಿಸ್ದೆ. ತಪ್ಪು ನಂದ್ರೀ.”

ಹೊರಳಿ ನೋಡಿದೆ. ಚಪ್ಪಲಿ ಬಿಟ್ಟು ಬಾಗಿಲ ಹೊರಗೆ ಕೈ ಮುಗಿದು ನಿಂತಿದ್ದ. ಸಾಹೇಬರು ಅಪ್ಪನನ್ನು ಒಂದು ಗಳಿಗೆ ನೋಡಿ ಹಾಜರಿ ಪುಸ್ತಕವನ್ನು ನನ್ನತ್ತ ತಳ್ಳಿದರು. ಸಹಿ ಮಾಡುವಾಗ ನನ್ನ ಅಕ್ಷರ ಸೊಟ್ಟಗಾಯಿತು.

ದಾರಿ ತಪ್ಪಿದವರು ಸೀದಾ ಬಸ್‌ಸ್ಟ್ಯಾಂಡು ಅಂತಲ್ಲವೇ ಮಾತು? ಸಂಜೆ ಅಪ್ಪನೇ ಹೊರಟ. ಮಾತಿಗೆ ಮಾತು. ಬಸ್‌ಸ್ಟ್ಯಾಂಡಿಗೆ ನಾನೇ ಅವನನ್ನು ಕರೆದುಕೊಂಡು ಹೋಗಬೇಕಾಯಿತು. ಕಿಟಕಿಯಲ್ಲಿ ಕೂತು, “ಹುಷಾರವ್ವಾ. ಆ ಊಟದ ಕೈ ಮರೀಬ್ಯಾಡ” ಅಂದ. ಅಂದರೆ ನನ್ನ ತುತ್ತಿನ ಗುಟ್ಟು ಅವನಿಗೆ ಗೊತ್ತಾಗಿತ್ತು. ಹದಿನೈದು ದಿನಕ್ಕೆ ಅವನ ಕೈಬರಹದ ಕಾರ್ಡು ಬಂತು: ‘ಇಲ್ಲಿ ನಾವೆಲ್ಲ ಕ್ಷೇಮ. ಸೂರ್ಯ ಇಲ್ಲಿ ಮೂಡಲಕ್ಕ ಹುಟ್ಟಾಕತ್ಯಾನ. ಅಲ್ಲಿ ಹೆಂಗ ಐತಿ, ತಿಳಸು.’ ಇನ್ನೂ ಪಡುವಲಕ್ಕೇ ಎಂದು ಬರೆದೆ.

ದಸರೆಗೆ ಮೊದಲ ಸಲ ಊರಿಗೆ ಹೋದೆ. ಬಸ್ಸಿನಲ್ಲಿ ಮಲಗಿಬಿಟ್ಟಿದ್ದೆ. ಕೋಗಳಿಯಲ್ಲಿ ಇಳಿದಾಗ ಬೆಳಗಾಗುತ್ತಿತ್ತು. ನಮ್ಮೂರಿನ ಹಳೆಯ ಬಸದಿಯ ಪಡುವಲ ಕಡೆಯಿಂದ ಸೂರ್ಯ ಕೆಂಪಗೆ ಎದ್ದು ಬಂದ! ಶಿವನೇ, ಇಲ್ಲೂ ಶುರುವಾಯಿತೇ! ಗುರುತಿನವರು ಸಿಕ್ಕು ಜೋಡಿ ಬಂದದ್ದರಿಂದ ಮನೆಯೇನೋ ಸಿಕ್ಕಿತು. ಅಂಗಳದಲ್ಲಿ ಅಪ್ಪ ಮುಖ ತೊಳೆಯುತ್ತಿದ್ದ. ಅವನು ಯಾವ ಕಡೆ ಕೈ ಮುಗಿಯುತ್ತಾನೆಂದು ಓರೆಗಣ್ಣಲ್ಲಿ ನೋಡಿ, ನಾನೂ ಆ ಕಡೆಗೇ ಮುಗಿದೆ. “ಎಲ್ಲಾ ಸರಿ ಐತೇನವ್ವಾ?” ಅಂದ. “ಸರೀನ ಐತಪ್ಪ” ಎಂದೆ.

ಒಳಗಿನಿಂದ ಅವ್ವ ಕೂಗಿದಳು. “ನೀಲಿ, ಬಡಗಲ ಗೂಡಿನಾಗ ಉಪ್ಪೈತಿ ತಾ.” ಗೂಡಿಗೆ ಕೈ ಹಾಕಿ ಡಬ್ಬಿ ತಂದು ಕೊಟ್ಟೆ. ಅವ್ವ ಮುಚ್ಚಳ ತೆಗೆದಳು. ಖಾರದ ಪುಡಿ. ಡಬ್ಬಿ ನೋಡಿದಳು, ನನ್ನನ್ನು ನೋಡಿದಳು.

“ನನಗ ಸರೀನ ಐತಿ. ಈ ಮನಿ ಕಟ್ಟಿದಾವ ತಪ್ಪಿ ಕಟ್ಟ್ಯಾನ” ಅಂದುಬಿಟ್ಟೆ.

ಮನೆ ಕಟ್ಟಿದವನು ಅಂಗಳದಲ್ಲಿ ಬಾಯಿ ಮುಕ್ಕಳಿಸುತ್ತಿದ್ದ. ನೀರು ಬುಸ್ಸೆಂದು ಉಗುಳಿ ನಕ್ಕ ಸದ್ದು ಕೇಳಿಸಿತು. “ದಾರಿ ತಪ್ಪಿದವ್ರು ಸೀದಾ ಬಸ್‌ಸ್ಟ್ಯಾಂಡು ಅಂತ ಮಾತೈತಿ ನೋಡವ್ವಾ” ಅಂದ. ಸಿಟ್ಟು ಬಂದು, ಹೋಗೇಬಿಡುತ್ತೇನೆ ಎಂದು ಬ್ಯಾಗು ಎತ್ತಿಕೊಂಡು ಹೊಸ್ತಿಲು ದಾಟಿದೆ. ದಾಟಿ, ಅಲ್ಲೇ ನಿಂತೆ. ಹುಟ್ಟಿ ಬೆಳೆದ ಊರಿನಲ್ಲಿ ಬಸ್‌ಸ್ಟ್ಯಾಂಡು ಯಾವ ಕಡೆ ಎಂದು ಯಾರನ್ನು ಕೇಳುವುದು?