ನಾಲ್ಕು ದೀಪದ ಕುಕ್ಕರ್

ಹುಲುಗೇಶ್ ಪಂಪಾವತಿಯನ್ನು ಮೊದಲು ನೋಡಿದ್ದು ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನ ಒಂದು ಪಡಸಾಲೆಯಲ್ಲಿ. ಹೆಣ್ಣು ನೋಡುವ ಶಾಸ್ತ್ರ. ಹಸಿರು ಸೀರೆಯ ಪಂಪಾವತಿ ಸ್ಟೀಲ್ ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ ತಂದಿಟ್ಟು ಚಾಪೆಯ ಅಂಚಿಗೆ ಕೂತಳು. ಬಂಡ್ರಿಯಿಂದ ಅವ್ವ ಹಂಪಕ್ಕನ ಜೊತೆ ಬಂದಿದ್ದ ಹುಲುಗೇಶ್ ವಂಶಕ್ಕೇ ಮೊದಲ ಬಿ.ಇ. ಪದವೀಧರ. ಗಂಟಲು ಸರಿಮಾಡಿಕೊಂಡು, "ಏನ್ ಓದೀರಿ?" ಎಂದ.

"ಬಿ.ಎ., ಅದ್ರಾಗ..." ಎನ್ನುವಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಪಂಪಾವತಿ ಬೆರಳೆತ್ತಿ, "ತಡೀರಿ, ಮೂರ್ ಸೀಟಿ ಆತು!" ಎಂದವಳೇ ಭಾವೀ ಗಂಡನನ್ನು ಮಂಡಕ್ಕಿಯ ಮುಂದೆ ಬಿಟ್ಟು ಒಳಗೆ ಓಡಿದಳು. ಅದ್ರಾಗ ಏನು ಎಂಬುದು ಅವನಿಗೆ ತಿಳಿದದ್ದು ಮದುವೆಯಾದ ಮೇಲೆ!

ಅವ್ವನನ್ನೂ ಕರೆತಂದು ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ಬಾಡಿಗೆ ಮನೆ ಹಿಡಿದ ಮೇಲೂ ಅದೇ ಕಥೆ. ಗಂಡ ಪ್ರೀತಿಯ ಮಾತು ಶುರುಮಾಡಿದರೆ ಕುಕ್ಕರ್ ಕೂಗುವುದು, ಹೆಂಡತಿ ಬೆರಳೆತ್ತುವುದು. ಒಂದು ದಿನ ಹುಲುಗೇಶ್ ಘೋಷಿಸಿಯೇಬಿಟ್ಟ: "ಇನ್ ಮುಂದ ಈ ಮನ್ಯಾಗ ಸೀಟಿ ಎಣ್ಸೋದು ಮನುಷ್ಯಾರ ಕೆಲಸ ಅಲ್ಲ!"

ಹೀಗೆ ಗುಡುಗಿದ ಮಹಾಶಯನ ಉದ್ಯೋಗವೇನು? ಯಶವಂತನಗರದ ಹತ್ತಿರ ಒಂದು ಗಣಿಯ ಗೇಟಿನಲ್ಲಿ ಕೂತು ಅದಿರು ಲಾರಿ ಎಣಿಸುವುದು. ಅದೂ ತಾತ್ಕಾಲಿಕ! ಕಂಪನಿಯ ಇನ್‌ಸ್ಟ್ರುಮೆಂಟ್ ಸೆಕ್ಷನ್ನಿನಲ್ಲಿ ಕಾಯಂ ಜಾಗವೊಂದು ಖಾಲಿಯಿತ್ತು. ಅಲ್ಲಿನ ಎಂಜಿನಿಯರ್ ಈಶ್ವರ್ ಸಾಹೇಬರು, "ಕೈಯಾರೆ ಏನಾರ ಮಾಡಿ ತೋರ್ಸು, ನೋಡೋಣ" ಎಂದಿದ್ದರು.

ಅಷ್ಟರಲ್ಲಿ ಲಾರಿ ಮುಷ್ಕರ ಬಂತು. ಗೇಟಿನಲ್ಲಿ ಎಣಿಸಲು ಏನೂ ಇಲ್ಲ. ಹುಲುಗೇಶ್ ಮನೆಯಲ್ಲೇ ಕೂತು ಹಳೆಯ ಟೇಪ್‌ರೆಕಾರ್ಡರಿನ ಮೈಕು, ಲೆಕ್ಕ ಇಡುವ ಒಂದು ಮೈಕ್ರೋಕಂಟ್ರೋಲರ್ ಚಿಪ್ಪು, ಅದರ ನಾಲ್ಕು ಪಿನ್ನಿಗೆ ನಾಲ್ಕು ಕೆಂಪು ದೀಪ ಬೆಸೆದ. ಜೋರು ಸದ್ದಾದಾಗಲೆಲ್ಲ ಲೆಕ್ಕ ಒಂದು ಏರಬೇಕು. ಬಲಗಡೆಯ ದೀಪದ ಬೆಲೆ ಒಂದು, ಪಕ್ಕದ್ದು ಎರಡು, ಆಮೇಲೆ ನಾಲ್ಕು, ಎಂಟು. ಹೊತ್ತಿದ್ದನ್ನು ಕೂಡಿಸಿದರೆ ಸೀಟಿಯ ಲೆಕ್ಕ.

"ಮೂರು ಸೀಟಿಗೆ ಎರಡು ದೀಪ. ನಾಕು ಸೀಟಿಗೆ ಒಂದ ದೀಪ. ತಿಳೀತಾ?"

"ಸೀಟಿ ಹೆಚ್ಚಾದ್ರ ದೀಪ ಕಮ್ಮಿ ಆಗ್ತಾವೇನ್ರಿ?"

"ಅದು ಬೈನರಿ. ಚಿಪ್ಪಿಗೆ ಗೊತ್ತಿರೋದು ಸೊನ್ನಿ, ಒಂದು. ಎರಡ ಅಂಕಿ."

"ಅಯ್ಯ ಪಾಪ! ಅಂಗನವಾಡಿಗೆ ಕಳ್ಸಿದ್ರ ಹತ್ತರ ತನಕ ಕಲೀತಿತ್ತು. ಹೋಗ್ಲಿ, ನಾಕೂ ಹತ್ತಿದ ಮ್ಯಾಲೆ?"

"ಅದು ಹದಿನೈದು. ಹದಿನಾರಕ್ಕ ಎಲ್ಲಾ ಆರಿ ಮತ್ತ ಸೊನ್ನಿಯಿಂದ ಶುರು. ಹದಿನಾರು ಸೀಟಿ ಯಾರ್ ಹಾಕಿಸ್ತಾರ?"

ಮುಷ್ಕರ ಇರುವ ತನಕ ಯಂತ್ರ ಒಂದು ಸೀಟಿಯನ್ನೂ ತಪ್ಪಿಸಲಿಲ್ಲ. ಹುಲುಗೇಶ್ ಹೋಗಿ ಹೇಳಿದಾಗ, ಭಾನುವಾರ ಊಟಕ್ಕೇ ಬಂದು ನೋಡುತ್ತೇನೆ ಎಂದರು ಸಾಹೇಬರು.

"ಸಾಹೇಬ್ರು ನಮ್ ಮನ್ಯಾಗ ಉಣ್ತಾರೇನ್ಲೇ ಹುಲುಗ್ಯಾ?" ಎಂದಳು ಹಂಪಕ್ಕ.

"ಅವ್ರ ಬಾಯ್ಲೇ ಹೇಳ್ಯಾರವ್ವ."

ಹಂಪಕ್ಕ ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ತೊಳೆದಳು.

ಭಾನುವಾರ ಹುಲುಗೇಶ್ ಹೆಂಡತಿಗೆ ಕಟ್ಟಾಜ್ಞೆ ಹೊರಡಿಸಿದ: "ನಾ ಆಫ್ ಅನ್ನೋ ತನಕ ಗ್ಯಾಸ್ ಮುಟ್ಟಬ್ಯಾಡ. ನಡುವ ಬೆರಳು ಎತ್ತಬ್ಯಾಡ!" ಮೈಕು ಅಡುಗೆಮನೆಯ ಕಿಟಕಿಯಲ್ಲಿ, ದೀಪಗಳು ಪಡಸಾಲೆಯ ಗೋಡೆಯ ಮೇಲೆ, ಸಾಹೇಬರು ಕುರ್ಚಿಯಲ್ಲಿ.

ಮುಷ್ಕರ ಹಿಂದಿನ ದಿನವೇ ಮುಗಿದಿತ್ತು. ಹೊರಗೆ ಲಾರಿಗಳು ಪೋಂ ಪೋಂ ಎನ್ನುತ್ತಿದ್ದವು. ಆದರೆ ಅದಿರು ಲಾರಿಗಳೇ ತುಂಬಿದ್ದ ಆಗಿನ ಹೊಸಪೇಟೆಯಲ್ಲಿ ಲಾರಿ ಹಾರ್ನ್ ಯಾರ ಕಿವಿಗೆ ಬೀಳುತ್ತಿತ್ತು? ದಿನವಿಡೀ ಲಾರಿಗಳ ನಡುವೆಯೇ ಕೂರುವ ಹುಲುಗೇಶನಿಗಂತೂ ಅದು ಸದ್ದೇ ಅಲ್ಲ!

ಒಲೆ ಹೊತ್ತಿಸಿದ್ದೇ ತಡ, ಬಲಗಡೆಯ ದೀಪ ಹೊತ್ತಿತು. "ನೋಡ್ರಿ ಸರ್!" ಅದು ಆರಿ ಪಕ್ಕದ್ದು ಹೊತ್ತಿತು. ಮತ್ತೆ ಎರಡೂ ಹೊತ್ತಿದವು. "ಮೂರು! ಆಫ್!"

"ರೀ, ಇನ್ನಾ ಒಂದೂ..."

"ಆಫ್ ಅಂದ್ನೆಲ್ಲ!"

ಮುಚ್ಚಳ ತೆಗೆದರೆ ಅಕ್ಕಿ ಬಿಸಿನೀರಿನಲ್ಲಿ ಸ್ನಾನ ಮಾಡಿ ಹಾಗೇ ಕೂತಿತ್ತು. ಸಾಹೇಬರು ವಾಚು ನೋಡಿಕೊಂಡರು. ಹುಲುಗೇಶನ ಅಂಗಿ ಬೆನ್ನಿಗೆ ಅಂಟಿತು.

"ವೈರ್ ಅಲ್ಲಾಡಿರ್ಬೇಕು ಸರ್." ಕುಕ್ಕರ್ ಮತ್ತೆ ಏರಿತು. ಲೆಕ್ಕ ಸೊನ್ನೆಗೆ ಬಂತು. ಅದೇ ಹೊತ್ತಿಗೆ ಮನೆಯ ಹತ್ತಿರದ ರೈಲ್ವೆ ಗೇಟ್ ಬಿತ್ತು! ಅದಿರಿನ ಗೂಡ್ಸ್ ರೈಲಿಗೆ ತಲೆ ಇತ್ತೇ ಹೊರತು ಬಾಲ ಕಾಣಲಿಲ್ಲ. ಮನೆಯ ಮುಂದೆ ಸಾಲುಗಟ್ಟಿದ ಲಾರಿಗಳೆಲ್ಲ ಒಟ್ಟಿಗೆ ಒದರತೊಡಗಿದವು. ಕುಕ್ಕರಿನ ಕೂಗು ಆ ಗದ್ದಲದಲ್ಲೇ ಕರಗಿಹೋಯಿತು. ದೀಪಕ್ಕೆ ಬೆನ್ನು ಹಾಕಿ ನಿಂತ ಹುಲುಗೇಶ್ ಗಂಟಲು ಹರಿಯುವಂತೆ ಬೈನರಿಯ ಮಹಿಮೆ ಸಾರುತ್ತಿದ್ದ.

ಗೇಟ್ ತೆರೆಯಿತು. ಲಾರಿಗಳು ಹೋದವು. ತಿರುಗಿ ನೋಡಿದರೆ, ಎಷ್ಟು ಸುತ್ತು ಹಾಕಿ ಬಂದಿದ್ದವೋ ಏನೋ, ನಾಲ್ಕು ದೀಪವೂ ಆರಿದ್ದವು.

"ಇನ್ನಾ ಸೊನ್ನಿ ಸರ್. ಈ ಸಲ ನಿಧಾನಕ್ಕ ಬೇಯಾಕತ್ತೈತಿ."

"ರೀ..."

"ಸುಮ್ನಿರು!"

"ರೀ, ವಾಸನಿ..."

"ಸೊನ್ನಿ ತೋರ್ಸಾಕತ್ತೈತಿ ಅಂತೀನಿ!"

ಹಂಪಕ್ಕ ದಡಬಡ ಒಳಗೆ ನುಗ್ಗಿ ಗ್ಯಾಸ್ ಬಂದ್ ಮಾಡಿದಳು. "ನಿನ್ ದೀಪಕ್ಕ ಮೂಗಿಲ್ಲಲೇ, ನನಗೈತಿ!"

ನೀರೆಲ್ಲ ಇಂಗಿ, ಕೂಗಲು ಹಬೆಯೂ ಇಲ್ಲದೆ, ಅನ್ನ ಸಂಡೂರಿನ ಮ್ಯಾಂಗನೀಸ್ ಅದಿರಿಗಿಂತ ಕಪ್ಪಗಾಗಿತ್ತು.

ಪಂಪಾವತಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ತಂದಿಟ್ಟಳು. ಎಲ್ಲರ ಕಣ್ಣೂ ಸಾಹೇಬರ ಕೈಯ ಮೇಲೆ. ಅವರು ರೊಟ್ಟಿ ಮುರಿದರು. ಇನ್ನೊಂದು ಕೇಳಿದರು. ಹಂಪಕ್ಕ ಉಸಿರು ಬಿಟ್ಟಳು.

ಹೊರಗೊಂದು ಲಾರಿ ಪೋಂ ಎಂದಿತು. ಗೋಡೆಯ ಮೇಲೆ ದೀಪ ಹೊತ್ತಿತು. ಸಾಹೇಬರು ಅಗಿಯುವುದನ್ನು ನಿಲ್ಲಿಸಿದರು.

"ಹುಲುಗೇಶ್, ಗೇಟಿನ್ಯಾಗ ನಿನ್ ಕೆಲಸ ಏನಪ್ಪಾ?"

"ಲಾರಿ ಎಣ್ಸೋದು ಸರ್."

"ನಿನ್ ಮಷೀನೂ ಆಗ್ಲಿಂದ ಅದನ್ನ ಮಾಡಾಕತ್ತೈತಿ ನೋಡು."

ಹುಲುಗೇಶ್ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಕಾಯಂ ಕೆಲಸದ ಮಾತು ಹಾಗಿರಲಿ, ಇದ್ದ ಕೆಲಸಕ್ಕೂ ನಾನೇ ಕುತ್ತು ಬೆಸೆದುಕೊಂಡೆನೇ!

ಪಂಪಾವತಿ ಬೆರಳೆತ್ತಿದಳು. "ಬರೇ ಮಷೀನ್ ಒಯ್ಬ್ಯಾಡ್ರಿ ಸರ್. ಇಬ್ರನ್ನೂ ಒಯ್ರಿ. ಮನ್ಯಾಗ ಅನ್ನರ ಆಗ್ತೈತಿ!"

ಸಾಹೇಬರು ನೆತ್ತಿಗೇರುವಷ್ಟು ನಕ್ಕರು. ಇಬ್ಬರನ್ನೂ ಒಯ್ದರು.

ಈಗ ಹುಲುಗೇಶ್ ಇನ್‌ಸ್ಟ್ರುಮೆಂಟ್ ಸೆಕ್ಷನ್ನಿನ ಕಾಯಂ ನೌಕರ. ಅವನ ಯಂತ್ರ ಇನ್ನಷ್ಟು ದೀಪ ತೊಟ್ಟು ಗಣಿಯ ಗೇಟಿನ ಮೇಲೆ ಕೂತಿದೆ. ಕೆಲವು ಡ್ರೈವರುಗಳು ಹಾರ್ನ್ ಹೊಡೆಯದೆ ಹೋಗುತ್ತಾರೆ, ಕೆಲವರು ಸುಮ್ಮಸುಮ್ಮನೆ ಹೊಡೆಯುತ್ತಾರೆ. ಹಾಗಾಗಿ ಅದರ ಲೆಕ್ಕ ಸರಿಯೋ ತಪ್ಪೋ ನೋಡಲು ಒಬ್ಬರು ಬೇಕು. ಹುಲುಗೇಶ್ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಲಾರಿ ಎಣಿಸುತ್ತಾನೆ.