ಬೀಗರ ಟೀವಿಯ ಹಸಿರು

ಬಟ್ಟೆ ವ್ಯಾಪಾರಿಗೆ ಮಂಡಿನೋವು ಬಂದರೆ ಯಾರೂ ಆಡಿಕೊಳ್ಳುವುದಿಲ್ಲ, ಬಣ್ಣ ತಪ್ಪಿದರೆ ಮಾತ್ರ ಊರೇ ನಗುತ್ತದೆ. ಬಸವಕಲ್ಯಾಣದ ಬಜಾರಿನಲ್ಲಿ ಮೂವತ್ತು ವರ್ಷ ಸೀರೆ ಮಾರಿದ ನನಗೆ ನನ್ನ ಕಣ್ಣಿನ ಮೇಲಿದ್ದಷ್ಟು ಭಕ್ತಿ ದೇವರ ಮೇಲೂ ಇರಲಿಲ್ಲ ಎಂದು ಒಪ್ಪಿಕೊಂಡುಬಿಡುತ್ತೇನೆ. ಗಿಳಿಹಸಿರು, ಎಲೆಹಸಿರು, ಪಾಚಿಹಸಿರುಗಳನ್ನು ನಿದ್ದೆಗಣ್ಣಲ್ಲೂ ಬೇರೆ ಮಾಡಬಲ್ಲೆ ಎಂದು ಕೊಚ್ಚಿಕೊಂಡವನು ನಾನು.

ಹುಮನಾಬಾದಿಗೆ ಕೊಟ್ಟ ಬಸುರಿ ಮಗಳ ಕುಬಸದ ಶಾಸ್ತ್ರ ಹತ್ತಿರ ಬಂತು. ತವರಿನಿಂದ ಹಸಿರು ಸೀರೆಯೇ ಹೋಗಬೇಕು. ಅಂಗಡಿಯ ದೀಪದ ಕೆಳಗೆ ಗಾದಿಯಿಂದ ಏಳದೆಯೇ ಒಂದನ್ನು ಆರಿಸಿ ಮನೆಗೆ ಕಳಿಸಿದೆ. ಹೆಂಡತಿ ಅದನ್ನು ಅಂಗಳದಲ್ಲಿ ಬಿಚ್ಚಿ ವಿಡಿಯೋ ಕಾಲ್‌ನಲ್ಲಿ ಬೀಗರಿಗೆ ತೋರಿಸಿದಳು. ಅವರು ಫೋನನ್ನು ಹೊಸ ಟೀವಿಗೆ ಜೋಡಿಸಿ ಮನೆಮಂದಿಯೆಲ್ಲ ನೋಡಿದರಂತೆ. ಆಮೇಲೆ ಬೀಗಿತಿ ನನಗೆ ಫೋನು ಮಾಡಿದರು: "ಬೀಗ್ರ, ತಪ್ಪ ತಿಳ್ಕೋಬ್ಯಾಡ್ರಿ, ಸೀರಿ ನೀಲಿ ಕಾಣಾಕತ್ತದ. ಚೊಚ್ಚಲ ಕುಬಸಕ್ಕ ನೀಲಿ ಹ್ಯಾಂಗ ಉಡಸೂದ್ರಿ?"

"ನಿಮ್ಮ ಟೀವಿ ಕೆಟ್ಟದ್ರಿ," ಎಂದೆ. ಹೆಂಡತಿಯನ್ನು ಕೇಳಿದರೆ, "ನೀವು ಹಸಿರಂದ್ರಿ, ನಾನೂ ಹಸಿರಂದೆ," ಎಂದಳು. ಅದನ್ನು ನಾನು ಸಾಕ್ಷಿಯೆಂದೇ ತಿಳಿದೆ.

ಕುಬಸದ ಹಿಂದಿನ ದಿನ ಹೆಂಡತಿ ಕಾಗದದಲ್ಲಿ ಸುತ್ತಿಕೊಟ್ಟ ಸೀರೆಯನ್ನು ಬಿಚ್ಚದೆಯೇ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿ, ದಾರಿಯ ರಾಜೇಶ್ವರ ಊರು ದಾಟುವವರೆಗೂ ಆ ಟೀವಿಯನ್ನು ಬೈದೆ. ಹುಮನಾಬಾದಿನಲ್ಲಿ ಇಳಿದವನೇ ಟೀವಿ ರಿಪೇರಿಯ ಖಾಜಾಮಿಯಾನನ್ನು ಬೀಗರ ಮನೆಗೆ ಕರೆದೊಯ್ದೆ. ಆತ ಪರದೆಯನ್ನು ಪೂರ್ತಿ ಬಿಳಿ ಮಾಡಿ, ನನ್ನ ಧೋತರದ ಚುಂಗನ್ನು ಪಕ್ಕಕ್ಕೆ ಹಿಡಿದ. ಎರಡೂ ಒಂದೇ ಬಿಳಿ. ಭೂತಗನ್ನಡಿ ಕೊಟ್ಟು, "ಈಗ ನೋಡ್ರಿ ಸಾವ್ಕಾರ್ರ," ಎಂದ.

ನೋಡಿದರೆ ಅಲ್ಲಿ ಬಿಳಿಯೇ ಇಲ್ಲ. ಬರೀ ಕೆಂಪು, ಹಸಿರು, ನೀಲಿ ಚುಕ್ಕೆಗಳು.

"ಒಂದೊಂದು ಚುಕ್ಕಿಗೂ ಟ್ರಾನ್ಸಿಸ್ಟರ್ ಅದರಿ, ಕೆರಿ ತೂಬು ಇದ್ದಂಗ. ಮೂರೂ ಬಣ್ಣಕ್ಕ ಒಂದಽ ತಾಕತ್ತು ಇರಂಗಿಲ್ಲ. ಅದಕ್ಕ ಸೋತ ಬಣ್ಣದ ತೂಬು ಅಗಲ ಮಾಡಿರ್ತಾರ, ಕರೆಂಟ್ ಜಾಸ್ತಿ ಹರೀತದ. ಆವಾಗ ಮೂರೂ ಕೂಡಿ ನೆಟ್ಟಗ ಬಿಳಿ ಆಗ್ತದ."

ನಾನು ಬೆರಗಾಗಿ ಹೋದೆ. ಕೂದಲಿಗಿಂತ ಸಣ್ಣ ತೂಬು, ಅಂಥವು ಲಕ್ಷಗಟ್ಟಲೆ. ನೀಲಿಗೆ ಇಷ್ಟಗಲ ಬೇಕು, ಹಸಿರಿಗೆ ಇಷ್ಟು ಸಾಕು ಎಂದು ಯಾರೋ ಪುಣ್ಯಾತ್ಮರು ಎಲ್ಲೋ ಕೂತು ಅಳೆದಿದ್ದಾರೆ. ಗಜಕಡ್ಡಿ ಹಿಡಿದೂ ನಾನು ಕತ್ತರಿಸಿದ ರವಿಕೆಯ ಖಣ ಒಂದು ಬೆರಳು ಸೊಟ್ಟಗಿರುತ್ತದೆ. ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡುತ್ತ ನಿಂತೆ, ಬೀಗಿತಿ ತಂದಿಟ್ಟ ಚಹಾ ಆರಿಹೋಯಿತು.

"ಟೀವಿ ಖರೇನಽ ಹೇಳಾಕತ್ತದ. ಸೀರಿ ಹೊರಗ ತರ್ರಿ," ಎಂದ ಖಾಜಾಮಿಯಾ.

ಬಿಸಿಲಿಗೆ ಬಿಚ್ಚಿದೆ. ಅಪ್ಪಟ ನವಿಲುಗತ್ತಿನ ನೀಲಿ. ಅದಕ್ಕೆ ಹಸಿರು ಬಳಿದದ್ದು ನನ್ನ ಅಂಗಡಿಯ ಹಳದಿ ದೀಪ. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಬೀಗರ ಎಲೆಯ ನೊಣ ತೋರಿಸಲು ಬಸ್ಸು ಹತ್ತಿ ಬಂದಿದ್ದೆ. ಬಾಗಿಲಲ್ಲಿ ನಿಂತಿದ್ದ ಮಗಳು ಮೆಲ್ಲಗೆ, "ಇರ್ಲಿ ಬಿಡಪ್ಪಾ, ಇದನ್ನಽ ಉಡ್ತೀನಿ," ಎಂದಳು. ಬೀಗಿತಿ ಬೈದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ನಿಂತ ಕಾಲಲ್ಲೇ ಹುಮನಾಬಾದಿನ ಬಜಾರಿಗೆ ಹೋದೆ. ಅಲ್ಲಿಯ ಸೀರೆ ಅಂಗಡಿಯವನು ಹಸಿರು ಸೀರೆಯೊಂದನ್ನು ತೆಗೆದು, "ಬಾಗಲಿಗಿ ಬಂದು ಬೆಳಕಿನ್ಯಾಗ ನೋಡ್ರಿ ಅಣ್ಣಾರ, ಒಳಗಿನ ಲೈಟ್ ನಂಬಬ್ಯಾಡ್ರಿ," ಎಂದ. ನಾನೇ ದಿನಾ ಗಿರಾಕಿಗಳಿಗೆ ಹೇಳುವ ಮಾತು. ಬಾಗಿಲಿಗೆ ಹೋಗಿ ವಿನಯದಿಂದ ನೋಡಿದೆ.

ಸೀರೆ ಕಟ್ಟಿಕೊಡುತ್ತ ಆತ, "ತಾವು ಏನ್ ಮಾಡ್ಕೊಂಡಿರ್ತೀರಿ?" ಎಂದು ಕೇಳಿದ.

"ಒಕ್ಕಲುತನರಿ," ಎಂದೆ.